ಕತ್ತೆಕಿರುಬದ ಪರ ಬರೆದವರು

“ಆ ಪತ್ರ ಇವರು ಬರದದ್ದಲ್ರಿ ಮೇಡಂ. ಒಂದೂ ಇವರು ಬರದಿಲ್ಲ.”

ಗಂಡನ ಮುಖವನ್ನೇ ನೋಡುತ್ತ ಐಶ್ವರ್ಯ ಹೇಳಿದಳು. ಸಬ್ ಇನ್‌ಸ್ಪೆಕ್ಟರ್ ನಿಖತ ಕೈಯಲ್ಲಿದ್ದ ಪೇಪರಿನ ತುಣುಕುಗಳನ್ನು ಮಡಿಚುವುದನ್ನು ಅಲ್ಲಿಗೇ ನಿಲ್ಲಿಸಿದಳು.

ಬಾಗಲಕೋಟೆಯ ಆ ದವಾಖಾನೆಯ ಹಾಸಿಗೆಯಲ್ಲಿ ವಿಜಯಮಹಾಂತೇಶ ತಲೆಗೆ ಪಟ್ಟಿ ಸುತ್ತಿಸಿಕೊಂಡು ಮಲಗಿದ್ದ. ಹುನಗುಂದದಲ್ಲಿ ಔಷಧದ ಅಂಗಡಿ ಇಟ್ಟವನು. ಕತ್ತೆಕಿರುಬಗಳನ್ನು ಉಳಿಸಿರೆಂದು ಪೇಪರಿಗೆ ಪತ್ರ ಬರೆದು ಬರೆದು ಜಿಲ್ಲೆಗೆಲ್ಲ ಹೆಸರಾದವನು. ಹೋದ ಗುರುವಾರ ಸಂಜೆ ಇಳಕಲ್ ರಸ್ತೆಯಲ್ಲಿ ನಂಬರ್ ಪ್ಲೇಟಿಲ್ಲದ ಟಿಪ್ಪರೊಂದು ಅವನ ಬೈಕಿಗೆ ಬೇಕೆಂದೇ ಗುದ್ದಿ ಹೋಗಿತ್ತು. ಅಂದಿನಿಂದ ಕಣ್ಣು ಬಿಟ್ಟಿಲ್ಲ.

“ಪತ್ರದ ಕೆಳಗ ಇವರ ಹೆಸರ ಐತಲ್ಲ,” ಅಂದಳು ನಿಖತ. “ಪೇಪರಿನವರು ಫೋನ್ ಹಚ್ಚಿ ಕೇಳಿದಾಗೆಲ್ಲ ‘ಹೌದ್ರಿ, ನಾನ ಬರದೇನಿ’ ಅಂದಾರ.”

“ಹೆಸರಷ್ಟ ಇವರದು. ಮದುವಿ ಕಾರ್ಡಿನ ಮ್ಯಾಲ ನಾಕು ಅಕ್ಷರ ಬರಿಯಾಕೂ ಇವರಿಗೆ ನಾನ ಬೇಕು. ಗುಡ್ಡ ಹತ್ತೂದು ದೂರ ಉಳೀತು, ಓಣ್ಯಾಗ ನಾಯಿ ಕಂಡ್ರ ಬೈಕ್ ತಿರುಗಿಸ್ತಾರ.”

“ಇಷ್ಟ ದಿನ ಯಾಕ ಹೇಳಲಿಲ್ಲ?”

“ಆಣಿ ಹಾಕಿಸ್ಕೊಂಡಿದ್ರು. ಇವತ್ತ ಡಾಕ್ಟರು ಕೈ ಚೆಲ್ಲಿದಂಗ ಮಾತಾಡಿದ್ರು. ಇನ್ನ ಆ ಆಣಿ ಇಟ್ಕೊಂಡು ನಾ ಏನ ಮಾಡ್ಲಿ?”

ನಿಖತಳಿಗೆ ಒಳಗೊಳಗೇ ಏನೋ ಕಳಚಿಕೊಂಡಂತಾಯಿತು. ಇಳಕಲ್ಲಿನ ನೇಕಾರರ ಮನೆಯಲ್ಲಿ ಬೆಳೆದವಳು ಅವಳು. ಹಟ ಮಾಡಿದರೆ ಕಿರುಬ ಹೊತ್ತೊಯ್ಯುತ್ತದೆ ಅಂತ ದಾದಿ, ಅಪ್ಪನ ತಾಯಿ, ಹೆದರಿಸುತ್ತಿದ್ದಳು. ಆ ಅಂಜಿಕೆಯನ್ನು ಬಿಡಿಸಿದ್ದು ಈ ಪತ್ರಗಳೇ. ‘ಸತ್ತ ದನ ತಿಂದು ಊರನ್ನು ಚೊಕ್ಕ ಇಡುವ ಪ್ರಾಣಿಗೆ ನಾವು ಕೊಡುವ ಕೂಲಿ ಕಲ್ಲೇಟು’ ಎಂಬ ಸಾಲನ್ನು ಅವಳು ಠಾಣೆಯಲ್ಲಿ ಕೂತು ಎರಡು ಸಲ ಓದಿಕೊಂಡಿದ್ದಳು. ಅದನ್ನು ಬರೆದವನನ್ನು ಕಾಣದೇ ಮೆಚ್ಚಿಕೊಂಡಿದ್ದಳು. ಈಗ ನೋಡಿದರೆ ಬರೆದವರು ಬೇರೆ, ಪೆಟ್ಟು ತಿಂದವನು ಬೇರೆ.

“ಹಂಗಾದ್ರ ಬರದವರು ಯಾರು?”

“ಅದು ಖರೇನ ಗೊತ್ತಿಲ್ರಿ. ಶನಿವಾರಕ್ಕೊಮ್ಮೆ ಇಳಕಲ್ಲಿಗೆ ಹೋಗಿ, ವಯಸ್ಸಾದವರು ಇದ್ದ ಮನಿಗೆ ಗುಳಿಗಿ ಮುಟ್ಟಿಸಿ ಬರ್ತಿದ್ರು. ಬಂದು ಅಂಗಡ್ಯಾಗ ಕುಂತು ಕಾಗದದ ಫೋಟೋ ಹೊಡದು ಪೇಪರಿಗೆ ಕಳಸ್ತಿದ್ರು. ಕಳಿಸಿದ ಕೂಡ್ಲೆ ಕಾಗದ ಹರದು ಒಗೀತಿದ್ರು.”

ಫೋನಂತೂ ಟಿಪ್ಪರಿನ ಗಾಲಿಯಡಿ ಪುಡಿಯಾಗಿತ್ತು.

ಐಶ್ವರ್ಯ ಸೆರಗಿನಿಂದ ಗಂಡನ ಮುಂಗೈ ಒರೆಸಿದಳು. “ಇನ್ನೊಂದು ಮಾತು ಮೇಡಂ. ಗುರುವಾರ ಇವರನ್ನ ಇಲ್ಲಿ ತಂದಾಗ ಅಂಗಿ ಎರಡೂ ತೋಳಿಗೆ ಕರ್ರಗ ಮಸಿ ಹತ್ತಿತ್ತು. ರಸ್ತೆದಾಗ ಬಿದ್ದವರಿಗೆ ಮಸಿ ಎಲ್ಲಿಂದ ಬರಬೇಕು?”

ಎಲ್ಲಿಂದ ಅನ್ನುವುದು ನಿಖತಳಿಗೆ ಗೊತ್ತಿತ್ತು. ನಿನ್ನೆಯಷ್ಟೇ ಅವಳು ಸರ್ವೆಗೆ ಹೊರಟ ಅರಣ್ಯ ಇಲಾಖೆಯವರ ಜೊತೆ ಇಳಕಲ್ಲಿನ ಆಚೆ ಕರಿಗುಡ್ಡ ಹತ್ತಿ ಬಂದಿದ್ದಳು. ಹಳೆಯ ಕ್ವಾರಿ ಹೊಂಡದ ಮಗ್ಗುಲಲ್ಲಿ ಎರಡು ಬಂಡೆಗಳ ಸಂದಿ. ಸಂದಿಯ ಬಾಯಿಗೆ ಜಾಲಿಮುಳ್ಳು, ಒಣಹುಲ್ಲು ತುರುಕಿ ಬೆಂಕಿ ಹಚ್ಚಿದ್ದರು, ಮೇಲೆ ಕಲ್ಲು ಪೇರಿಸಿದ್ದರು. ಕಲ್ಲು ಸರಿಸಿದಾಗ ಒಳಗೆ ಕಿರುಬದ ಎರಡು ಮರಿ, ಒಂದಕ್ಕೊಂದು ಅಂಟಿಕೊಂಡು, ಹೊಗೆಯಲ್ಲಿ ಉಸಿರು ಕಟ್ಟಿ ಸತ್ತಿದ್ದವು. ಮೇಲಿನ ಕೆಲವು ಕಲ್ಲುಗಳನ್ನು ಯಾರೋ ಆಗಲೇ ಎಳೆದು ಹಾಕಿದ್ದರು. ನಾಯಿಗೆ ಅಂಜುವ ಮನುಷ್ಯನೇ ಗುರುವಾರ ಅಲ್ಲಿಗೆ ಹೋಗಿ, ಬರಿಗೈಯಲ್ಲಿ ಅದನ್ನು ತೆರೆಯಲು ನೋಡಿದ್ದ.

“ಬಾಗಿಲಿಗೆ ನಿಲ್ಲಿಸಿದ ಪೊಲೀಸನ್ನ ಕೂಡಲಸಂಗಮದ ಬಂದೋಬಸ್ತಿಗೆ ಕರದಾರ,” ಎನ್ನುತ್ತ ನಿಖತ ಎದ್ದಳು. “ಬದಲಿಯವ ಮಧ್ಯಾಹ್ನದ ಮ್ಯಾಲ ಬರ್ತಾನ. ಅಲ್ಲೀತನ ನೀ ಇಲ್ಲಿಂದ ಕದಲಬ್ಯಾಡ.”

*

‘ಮಲಪ್ರಭಾ ದರ್ಪಣ’ ಪತ್ರಿಕೆಯ ಕಚೇರಿ ಅಲ್ಲಿಂದ ಎರಡು ಓಣಿ ಆಚೆ. ಓದುಗರ ಪತ್ರಗಳ ಪುಟ ನೋಡುತ್ತಿದ್ದವರು ಜಲಾಲುದ್ದೀನ. ತಲೆ ನರೆತ, ಕನ್ನಡಕ ಹಣೆಗೇರಿಸಿಕೊಂಡೇ ಮಾತನಾಡುವ ಮನುಷ್ಯ.

“ನನ್ನ ಪುಟಕ್ಕ ಬರೂ ಪತ್ರ ಗೊತ್ತಲ್ಲ ಮೇಡಂ. ಬಸ್ ನಿಲ್ಲಸಂಗಿಲ್ಲ, ಗಟಾರ ತುಂಬೇತಿ, ಬೀದಿದೀಪ ಇಲ್ಲ. ಅಂಥಾದ್ರಾಗ ಒಂದು ದಿನ ಕಿರುಬದ ಪರವಾಗಿ ಪತ್ರ ಬಂತು. ಮೊದಲಿಗೆ ಚಾಷ್ಟಿ ಅನ್ಕೊಂಡೆ. ಎರಡನೇ ಸಲ ಓದಿದ ಮ್ಯಾಲ ಪುಟದ ನೆತ್ತಿ ಮ್ಯಾಲ ಹಾಕಿದೆ.”

“ಆಮೇಲೆ?”

“ಆಮೇಲೆ ಜನರ ಬರಿಯಾಕ ಹತ್ತಿದ್ರು. ಬಾದಾಮಿಯಿಂದ ಸಾಲಿ ಮಾಸ್ತರೊಬ್ಬರು, ಕಲಾದಗಿಯಿಂದ ದಾಳಿಂಬರಿ ತ್ವಾಟದವರು. ‘ನಾವೂ ನೋಡೇವಿ, ಅದು ಯಾರಿಗೂ ಏನೂ ಮಾಡಂಗಿಲ್ಲ’ ಅಂತ. ಕಡೀಕ ಅರಣ್ಯ ಇಲಾಖೆಯವರು ಕರಿಗುಡ್ಡದ ಸರ್ವೆ ಮಾಡ್ತೇವಿ ಅಂದ್ರು. ಅಲ್ಲಿ ಮರಿ ಹಾಕಿದ್ದು ಖರೆ ಆತಂದ್ರ ಕ್ವಾರಿ ವಿಸ್ತರಣೆಗೆ ಪರವಾನಗಿ ಸಿಗಂಗಿಲ್ಲ.”

ಆ ಪರವಾನಗಿ ಕೇಳಿದವನು ಇಳಕಲ್ಲಿನ ಚೇತನಕುಮಾರ. ಗುಲಾಬಿ ಗ್ರಾನೈಟಿನ ವ್ಯಾಪಾರಿ. ಟಿಪ್ಪರ್ ಗುದ್ದಿದ ದಿನದಿಂದ ಊರೆಲ್ಲ ಅವನ ಕಡೆಗೇ ಬೆರಳು ಮಾಡುತ್ತಿತ್ತು. ಆದರೆ ಬೆರಳು ತೋರಿಸುವವರಾರೂ ಸಾಕ್ಷಿ ಹೇಳಲು ಬಂದಿರಲಿಲ್ಲ.

“ಗುರುವಾರ ಅಚ್ಚಾದ ಪತ್ರ ಪೂರ್ತಿ ಐತೇನ್ರಿ?”

ಜಲಾಲುದ್ದೀನ ಕನ್ನಡಕ ಕಣ್ಣಿಗಿಳಿಸಿ ಫೋನಿನಲ್ಲಿ ಹುಡುಕಿದರು. ದುಂಡಗಿನ, ಒತ್ತಿ ಬರೆದ ಅಕ್ಷರ. ಅಚ್ಚಾದ ಭಾಗವನ್ನು ದಾಟಿ ನಿಖತ ಕೆಳಗಿನ ಸಾಲುಗಳಿಗೆ ಬಂದಳು.

‘ನಮ್ಮ ಮಾಳಿಗೆಯ ಮೇಲೆ ನಿಂತರೆ ಕರಿಗುಡ್ಡದ ಹಳೆಯ ಕ್ವಾರಿ ಹೊಂಡ ಕಾಣುತ್ತದೆ. ಅದರ ಎಡಬದಿಯ ಜೋಡುಬಂಡೆಯ ಸಂದಿಯಲ್ಲಿ ತಾಯಿ ಮರಿ ಹಾಕಿದೆ. ನಸುಕಿನಲ್ಲಿ ನೀರಿಗೆ ಇಳಿಯುತ್ತದೆ.’

“ಇಷ್ಟು ನಾನ ಕತ್ತರಿಸಿದೆ,” ಅಂದರು ಜಲಾಲುದ್ದೀನ. “ಮರಿ ಇರೂ ಜಾಗಾ ಪೇಪರಿನ್ಯಾಗ ಹಾಕಿದ್ರ ಮರುದಿನಾ ಜನಾ ಕಲ್ಲು ಹಿಡಕೊಂಡು ಹೊಂಡತಾರ.”

“ಇದನ್ನ ಮತ್ತ್ಯಾರಿಗರ ತೋರಿಸಿದ್ರೇನು?”

“ಇಲ್ಲ. ಫೋಟೋ ನನ್ನ ಫೋನಿನ್ಯಾಗ ಬಂತು, ನಾನ ಟೈಪ್ ಮಾಡಿದೆ, ಮುಗೀತು.” ಅವರು ಫೋನ್ ಕೆಳಗಿಟ್ಟು ಕೇಳಿದರು: “ಮರಿ ಅದಾವಲ್ಲ ಮೇಡಂ?”

ನಿಖತ ತಲೆ ಅಲ್ಲಾಡಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣೊರೆಸಿಕೊಂಡರು.

ಜೀಪಿನಲ್ಲಿ ಕೂತ ಮೇಲೆ ನಿಖತ ಒಂದೊಂದೇ ಎಳೆ ಬಿಡಿಸಿಕೊಂಡಳು. ಪತ್ರ ಅಚ್ಚಾದದ್ದು ಗುರುವಾರ. ಮರಿಗಳು ಸತ್ತು ಅದಕ್ಕೂ ಹಿಂದೆ ಎರಡು ಮೂರು ದಿನ ಆಗಿರಬೇಕು ಅಂತ ಪಶುವೈದ್ಯರು ಹೇಳಿದ್ದರು. ಅಂದರೆ ಪೇಪರ್ ಓದಿ ಯಾರೂ ಗುಡ್ಡ ಹತ್ತಿಲ್ಲ. ಪತ್ರ ಪೇಪರಿಗೆ ಬರುವ ಮೊದಲೇ ಅದನ್ನು ಓದಿದವರು ಹತ್ತಿದ್ದಾರೆ. ಒಯ್ದವನು ಹಾಸಿಗೆ ಹಿಡಿದಿದ್ದಾನೆ. ಅಚ್ಚು ಹಾಕಿದವರು ಈಗ ಕಣ್ಣೊರೆಸಿಕೊಂಡರು. ಉಳಿದದ್ದು, ಅದನ್ನು ಬರೆದ ಮನೆ.

ಆ ಹೊಂಡ ಕಾಣುವಂಥ ಮಾಳಿಗೆ ಯಾವುದು? ಇಳಕಲ್ಲಿನ ಆ ಅಂಚನ್ನು ಅವಳು ಚಿಕ್ಕಂದಿನಿಂದ ಬಲ್ಲಳು. ಅಲ್ಲಿ ಮಾಳಿಗೆಯಿದ್ದ ಮನೆ ಒಂದೇ.

“ಅಮಾತೆಪ್ಪ, ಇಳಕಲ್ಲಿಗೆ ನಡಿ,” ಅಂದಳು ಚಾಲಕನಿಗೆ. “ಚೇತನಕುಮಾರನ ಮನಿಗೆ.”

ಅಮಾತೆಪ್ಪ ಕನ್ನಡಿಯಲ್ಲಿ ಅವಳ ಮುಖ ನೋಡಿ ಜೀಪು ಚಾಲೂ ಮಾಡಿದ.

*

“ಬರ್ರಿ ಮೇಡಂ, ಕುಂದರ್ರಿ. ಚಾ ಆಗಬೇಕಲ್ಲ?”

ಚೇತನಕುಮಾರ ಹಣೆಗೆ ವಿಭೂತಿ ಹಚ್ಚಿ, ಆಗಷ್ಟೇ ಮಿಂದು ಬಂದವನಂತೆ ನಿರಾಳವಾಗಿದ್ದ. ನುಣ್ಣಗೆ ತಿಕ್ಕಿದ ಗುಲಾಬಿ ಕಲ್ಲಿನ ಪಡಸಾಲೆ. ಒಂದು ಮೂಲೆಯ ತೂಗುಮಂಚದಲ್ಲಿ ಅವನ ತಾಯಿ ಇಂದ್ರಾಬಾಯಿ, ಮಡಿಲಲ್ಲಿ ಬಿಚ್ಚದ ಪೇಪರ್ ಇಟ್ಟುಕೊಂಡು, ಕಾಲಿನಿಂದ ಮೆಲ್ಲಗೆ ನೆಲ ಒತ್ತುತ್ತ ತೂಗಿಕೊಳ್ಳುತ್ತಿದ್ದರು. ಮಂಚದ ಸರಪಳಿ ಒಂದೇ ಸಮ ಕಿರ್ರೆನ್ನುತ್ತಿತ್ತು.

“ಚಾ ಬ್ಯಾಡ. ನಿಮ್ಮ ಟಿಪ್ಪರ್ ಒಂದು ಶುಕ್ರವಾರ ಕೆರೂರಿನ ಗ್ಯಾರೇಜಿಗೆ ಹೋಗೇತಿ.”

“ಹೋಗಿರಬೇಕು. ಗಾಡಿ ವ್ಯವಹಾರ ನಮ್ಮ ಮನಿಯಾಕಿ ನೋಡ್ತಾಳ, ರಾಧಿಕಾ. ಎಲ್ಲಿ ಯಾವ ಗಾಡಿ ಹೋತು ಅಂತ ನಾ ತಲಿ ಕೆಡಿಸ್ಕೊಳ್ಳಂಗಿಲ್ಲ.”

“ಅವರನ್ನ ಕರೀರಿ.”

“ಹೊರಗ ಹೋಗ್ಯಾಳ.”

“ಹಂಗಾದ್ರ ನಿಮ್ಮ ಮಾಳಗಿ ಮ್ಯಾಲ ಒಮ್ಮೆ ಹೋಗಿ ಬರ್ತೇನಿ.”

ಚೇತನಕುಮಾರನ ನಗು ಅಲ್ಲೇ ಇತ್ತು, ಕಣ್ಣು ಮಾತ್ರ ಬದಲಾಯಿತು. “ಮಾಳಗಿ ಮ್ಯಾಲ ಏನೈತ್ರಿ? ಹಪ್ಪಳಾ ಒಣಾ ಹಾಕ್ಯಾರ. ನೋಡಬೇಕಂದ್ರ ವಾರಂಟ್ ತರ್ರಿ. ಒಬ್ಬಾವ ಪೇಪರಿಗೆ ಬರದಾ ಅಂತ, ಅವಗ ಗಾಡಿ ಬಡೀತು ಅಂತ, ದಿನಾ ನನ್ನ ಮನಿ ಬಾಗಿಲಕ್ಕ ಪೊಲೀಸ್ ಜೀಪ್ ನಿಂತ್ರ ನಾ ಊರಾಗ ತಲಿ ಎತ್ತಿ ಹೆಂಗ ಅಡ್ಡಾಡ್ಲಿ?”

“ಬರದಾವ ಅವನಲ್ಲ.”

ಸರಪಳಿಯ ಸದ್ದು ಒಂದು ಸಲ ತಪ್ಪಿತು. ಮತ್ತೆ ಶುರುವಾಯಿತು.

ನಿಖತ ಚೇತನಕುಮಾರನ ಕಡೆಗೇ ನೋಡುತ್ತ, ಆದರೆ ಮೂಲೆಗೂ ಕೇಳುವಂತೆ ಹೇಳಿದಳು: “ನಿನ್ನೆ ಕರಿಗುಡ್ಡದಾಗ ಜೋಡುಬಂಡಿ ಸಂದಿ ತೆರದೇವಿ. ಮುಳ್ಳು ತುರುಕಿ ಬೆಂಕಿ ಹಚ್ಚಿದ್ರು. ಒಳಗ ಎರಡು ಮರಿ ಇದ್ವು. ಇನ್ನೂ ಕಣ್ಣು ಸುದ್ದಾ ಪೂರ್ತಿ ತೆರದಿದ್ದಿಲ್ಲ. ಹೊಗಿಗೆ ಸತ್ತಾವ.”

ತೂಗುಮಂಚ ನಿಂತಿತು.

“ಎರಡೂ?” ಅಂದರು ಇಂದ್ರಾಬಾಯಿ.

“ಎರಡೂ, ಅವ್ವಾರ.”

ಮುದುಕಿ ಸರಪಳಿ ಹಿಡಿದು ಎದ್ದು ನಿಂತರು. ಮಗ ಕೈ ಹಿಡಿಯಲು ಹೋದ, ಬಿಡಿಸಿಕೊಂಡರು. “ಬರದಾಕಿ ನಾನು,” ಅಂದರು. “ಆ ಹುಡುಗನ ಹೆಸರಿನ್ಯಾಗ ಅಷ್ಟೂ ಪತ್ರ ನನ್ನವು.”

ಮಗ ಚಾಚಿದ ಕೈಯನ್ನು ಹಿಂದೆಗೆದ.

“ಅವ್ವಾ, ಏನ ಮಾತಾಡ್ತಿ ನೀ?” ಚೇತನಕುಮಾರನ ದನಿ ಕೆಳಗಿಳಿಯಿತು. “ನನ್ನ ಅನ್ನಕ್ಕ ನೀನ ಕಲ್ಲು ಹಾಕಿದೇನ?”

“ಇಷ್ಟೆಲ್ಲಾ ಗುಡ್ಡ ಒಡದಿ, ಅದೊಂದು ಬಿಟ್ಟುಬಿಡು ಅಂದಿದ್ದೆ. ಮಾರಿ ಮುಂದ ಕುಂತು ಅಂದಾಗ ನೀ ಟಿವಿ ದನಿ ಏರಿಸಿದಿ. ಅದ ಮಾತು ಪೇಪರಿನ್ಯಾಗ ಬಂದಾಗ ಎರಡೆರಡು ಸಲಾ ಓದಿದಿ.”

ಅವನು ಕುರ್ಚಿಯಲ್ಲಿ ಕುಸಿದ. ತಾಯಿ ಅವನನ್ನು ಬಿಟ್ಟು ನಿಖತಳ ಕಡೆ ತಿರುಗಿದರು.

“ಹ್ವಾದ ವರ್ಷ ಜನಾ ಒಂದು ಕಿರುಬಾ ಬಡಬಡದು ಕೊಂದ್ರು ತಂಗಿ. ಅದರ ವಿಡಿಯೋ ಊರೆಲ್ಲಾ ಹರಿದಾಡಿತು. ಈ ಮನಿಯಾಗ ಊಟಕ್ಕ ಕುಂತಾಗ ನೋಡಿ ನಕ್ರು. ನನಗ ಅಂದು ಅನ್ನ ಇಳೀಲಿಲ್ಲ. ಗುಳಿಗಿ ಕೊಡಾಕ ಬಂದ ವಿಜಯಮಹಾಂತೇಶಗ ಹೇಳಿದೆ, ಪೇಪರಿಗೆ ನಾಕ ಸಾಲು ಬರಸ್ತೇನಿ, ನಿನ್ನ ಹೆಸರು ಕೊಡು ಅಂತ. ನನ್ನ ಹೆಸರು ಹಾಕಿದ್ರ ಮುದುಕಿಗೆ ಅರುಳುಮರುಳು ಅಂತಿದ್ರು, ಇಲ್ಲಾ ಮಗನ ಮ್ಯಾಲಿನ ಸಿಟ್ಟು ಅಂತಿದ್ರು. ಕಿರುಬದ ಮಾತು ಯಾರೂ ಕೇಳ್ತಿದ್ದಿಲ್ಲ. ಆ ಹುಡುಗ ಒಂದ ಮಾತಿಗೆ ಹೂಂ ಅಂದ. ಈಗ ನನ್ನ ಸಲುವಾಗಿ ಹಾಸಗಿ ಹಿಡದಾನ.”

“‘ಬರಸ್ತೇನಿ’ ಅಂದ್ರಿ,” ನಿಖತ ಮೆಲ್ಲಗೆ ಕೇಳಿದಳು. “ಬರಿತಿದ್ದವರು ಯಾರು?”

“ಸಕ್ರಿ ಬ್ಯಾನಿ ಕಣ್ಣು ತಿಂದೈತಿ. ದೂರಿಂದು ಕಾಣತೈತಿ, ಅಕ್ಷರ ಕಾಣಂಗಿಲ್ಲ. ನಾ ಹೇಳಾಕಿ, ರಾಧಿಕಾ ಬರಿಯಾಕಿ. ನಮ್ಮ ಸೊಸಿ.”

ಚೇತನಕುಮಾರ ತಲೆ ಎತ್ತಿ ತಾಯಿಯನ್ನು ನೋಡಿದ. ಆ ಮುಖದಲ್ಲಿದ್ದದ್ದು ಬೆರಗೋ, ಲೆಕ್ಕಾಚಾರವೋ, ನಿಖತಳಿಗೆ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದದ್ದೇ ಅವಳನ್ನು ಕಾಡಿತು.

“ಆ ಜಾಗಾ ಬರಸಬ್ಯಾಡ್ರಿ ಅತ್ತಿ ಅಂತ ಅಕಿ ಅಂದಿದ್ಲು,” ಇಂದ್ರಾಬಾಯಿ ತಮ್ಮಷ್ಟಕ್ಕೇ ಅಂದುಕೊಂಡಂತೆ ಅಂದರು. “ನಾನ ಕೇಳಲಿಲ್ಲ. ಸರ್ವೇದವರಿಗೆ ಗೊತ್ತಾಗ್ಲಿ ಅಂದೆ.”

“ಗುರುವಾರ ವಿಜಯಮಹಾಂತೇಶ ಇಲ್ಲಿ ಬಂದಿದ್ದನೇನ್ರಿ?”

“ಮಧ್ಯಾಹ್ನ ನಾ ಒಳಗ ಅಡ್ಡಾಗಿದ್ದೆ. ಅವನ ದನಿ ಕೇಳ್ತು. ಯಾಕೋ ಜೋರು ಜೋರು ಮಾತಾಡ್ತಿದ್ದ. ಎದ್ದು ಬರೂದ್ರಾಗ ಹೋಗಿದ್ದ. ಗುಳಿಗಿ ಕೊಡಾಕ ಬಂದಿದ್ದ ಅಂದ್ಲು ರಾಧಿಕಾ. ಗುಳಿಗಿ ಶನಿವಾರ ಕೊಟ್ಟು ಹೋಗಿದ್ದಲ್ಲ ಅಂದೆ. ಅದಕ್ಕ ಅಕಿ ಒಳಗ ಹೋಗಿಬಿಟ್ಲು.”

ನಿಖತ ಮನಸ್ಸಿನಲ್ಲೇ ಲೆಕ್ಕ ಕೂಡಿಸಿದಳು. ಪತ್ರ ಬರೆದ ಕೈ ರಾಧಿಕಾಳದು. ಗಾಡಿಗಳನ್ನು ಕಳಿಸುವವಳು ರಾಧಿಕಾ. ಮಸಿ ಹತ್ತಿದ ತೋಳಿನೊಂದಿಗೆ ವಿಜಯಮಹಾಂತೇಶ ಕಡೆಯ ಸಲ ಮಾತಾಡಿದ್ದು ಅವಳ ಜೊತೆ. ಇದಾಗಿ ಸ್ವಲ್ಪ ಹೊತ್ತಿಗೇ ಟಿಪ್ಪರ್ ಅವನ ಬೆನ್ನು ಹತ್ತಿತ್ತು.

“ರಾಧಿಕಾ ಎಲ್ಲಿ ಹೋಗ್ಯಾರ?”

ತಾಯಿಯೇ ಹೇಳಿದರು. “ಬಾಗಲಕೋಟಿಗೆ. ಆ ಹುಡುಗನ್ನ ನೋಡಿ ಬರ್ತೇನಿ ಅಂತ ಮುಂಜಾನೇನ ಬಸ್ಸಿಗೆ ಹ್ವಾದ್ಲು. ನಾನೂ ಬರ್ತೇನಿ ಅಂದೆ. ಬ್ಯಾಡಾ ಅಂದ್ಲು.”

*

ನಿಖತ ಆ ಪಡಸಾಲೆಯಲ್ಲೇ ಬದಿಗೆ ಸರಿದು ಫೋನ್ ಹಚ್ಚಿದಳು, ಎರಡನೇ ಸಲಕ್ಕೆ ಐಶ್ವರ್ಯ ಎತ್ತಿದಳು. ಹಿಂದೆ ತಟ್ಟೆ ಲೋಟಗಳ ಸದ್ದು.

“ಎಲ್ಲಿದ್ದಿ?” ನಿಖತ ಕೇಳಿದಳು.

“ಕೆಳಗ ಕ್ಯಾಂಟೀನದಾಗ್ರಿ ಮೇಡಂ.”

“ಅಲ್ಲಿಂದ ಕದಲಬ್ಯಾಡ ಅಂದಿದ್ನಲ್ಲ.”

“ಇಳಕಲ್ಲಿಂದ ಒಬ್ಬ ಬಾಯಾರು ಬಂದಾರ್ರಿ. ಭಾಳ ಚೊಲೊ ಹೆಣಮಗಳು. ನನ್ನ ಮಾರಿ ನೋಡಿ, ಎಷ್ಟ ದಿನಾತು ಉಂಡು, ಹೋಗು ಒಂದೆರಡು ತುತ್ತು ತಿಂದು ಬಾ, ಅಲ್ಲೀತನಾ ನಾ ಕುಂದರ್ತೇನಿ ಅಂದ್ರು.”

“ಐಶ್ವರ್ಯ, ಏಳು. ಮ್ಯಾಲ ಹೋಗು. ಫೋನ್ ಇಡಬ್ಯಾಡ.”

ಕುರ್ಚಿ ಸರಿದ ಸದ್ದು. ಯಾರಿಗೋ ಹಾದಿ ಬಿಡ್ರಿ ಅಂದ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿಯ ಬಡಿತ. ನಿಖತ ಫೋನನ್ನು ಕಿವಿಗೊತ್ತಿ ಹಿಡಿದು, ಗೋಡೆಯತ್ತ ಮುಖ ಮಾಡಿ ನಿಂತಳು. ಓಡಿಬಂದ ಉಸಿರು, ಆಮೇಲೆ ಬಾಗಿಲು ದಬದಬ ಬಡಿದ ಸಪ್ಪಳ.

“ಮೇಡಂ, ಒಳಗಿಂದ ಚಿಲಕಾ ಹಾಕ್ಯಾರ್ರಿ. ಅಕ್ಕಾರ, ಬಾಗಿಲಾ ತಗೀರಿ. ಅಕ್ಕಾರ.”

“ನರ್ಸನ್ನ ಕರಿ. ಒಡೀರಿ ಅನ್ನು.”

“ತಡೀರಿ, ಏನೋ ಅನ್ನಾಕತ್ತಾರ.” ಐಶ್ವರ್ಯ ಬಾಗಿಲಿಗೆ ಕಿವಿ ಕೊಟ್ಟಿರಬೇಕು. ಆ ಕಡೆಯಿಂದ ಇನ್ನೊಂದು ಹೆಣ್ಣುದನಿ, ಮಾತು ಬಿಡಿಸಿ ಕೇಳಿಸಲಿಲ್ಲ. ಐಶ್ವರ್ಯ ಮತ್ತೆ ಮಾತಾಡಿದಾಗ ಅವಳ ದನಿ ಪೂರ್ತಿ ಬದಲಾಗಿತ್ತು.

“ಮೇಡಂ, ಇವರು ಕಣ್ಣು ಬಿಟ್ಟಾರಂತ. ಅಂಜಬ್ಯಾಡ, ನಾ ಕಾಯಾಕ ಬಂದೇನಿ ಅಂತಾರ. ಆದ್ರ ಚಿಲಕಾ ತಗಿಯಾಕ ವಲ್ಲರು. ನಿಮಗ ಒಂದು ಮಾತು ಹೇಳು ಅಂದ್ರು.”

“ಏನು?”

“ಪತ್ರ ಕದ್ದು ಓದಿ ಬೆಂಕಿ ಹಚ್ಚಿಸಿದವರು, ಟಿಪ್ಪರ್ ಬಿಟ್ಟವರು ನನ್ನ ಗಂಡ; ಅವರ ಕೈಗೆ ಬೇಡಿ ಬಿದ್ದ ಸುದ್ದಿ ಬರೂತನಾ ಈ ಬಾಗಿಲಾ ತಗಿಯಾಂಗಿಲ್ಲ, ಅಂತ.”

ನಿಖತ ಗಕ್ಕನೆ ತಿರುಗಿದಳು.

ಪಡಸಾಲೆಯಲ್ಲಿ ಇಂದ್ರಾಬಾಯಿ ಒಬ್ಬರೇ ನಿಂತಿದ್ದರು, ಹಿಂಬಾಗಿಲ ಕಡೆ ಮುಖ ಮಾಡಿ. ಚೇತನಕುಮಾರ ಕೂತಿದ್ದ ಕುರ್ಚಿ ಬರಿದಾಗಿತ್ತು. ಅಮಾತೆಪ್ಪ ಜೀಪಿನೊಂದಿಗೆ ಇದ್ದದ್ದು ಮುಂದಿನ ಗೇಟಿನಲ್ಲಿ. ಹಿತ್ತಲಲ್ಲಿ ದೊಡ್ಡ ಗಾಡಿಯೊಂದು ಆಗಲೇ ಗುಡುಗುಟ್ಟಿ ಚಾಲೂ ಆಗಿತ್ತು.